ದೂರು ಕೊಡದ ಜೋಸೆಫ

ಮನೆಯವರ ಮನಸ್ಸಿನ ಮೇಲೆ ನಮಗೆ ಎಷ್ಟು ಹಕ್ಕಿದೆ? ಅಪ್ಪ ಯಾರಿಗೆ ವೋಟು ಹಾಕಬೇಕು, ತಂಗಿ ಯಾರನ್ನು ಮದುವೆಯಾಗಬೇಕು, ಅಣ್ಣ ಯಾವ ದೇವರಿಗೆ ಕೈ ಮುಗಿಯಬೇಕು ಅನ್ನೋದರಲ್ಲಿ 'ನಾನು ಮನೆಯವನು' ಎಂಬ ಒಂದೇ ಕಾರಣಕ್ಕೆ ನನ್ನ ಮಾತು ಎಲ್ಲಿಯವರೆಗೆ ನಡೀಬೇಕು? ಡಿಸೆಂಬರ್ ಬಂದಾಗಲೆಲ್ಲ ಈ ಪ್ರಶ್ನೆ ನನ್ನನ್ನು ಕಾಡುತ್ತದೆ. ಅದಕ್ಕೆ ಎರಡು ಕಾರಣ. ಒಂದು, ಕ್ರಿಸ್‌ಮಸ್‌ಗೆ ಮುಂಚೆ ನಾವು ಕಥೋಲಿಕರು ಆಚರಿಸುವ ಆಗಮನ ಕಾಲ. ಇನ್ನೊಂದು, 2021ರ ಡಿಸೆಂಬರ್ 23.

ಆಗಮನ ಕಾಲ ಅಂದರೆ ಹಬ್ಬಕ್ಕೆ ಮೊದಲಿನ ನಾಲ್ಕು ಭಾನುವಾರಗಳ ಅವಧಿ. ಗುರುಗಳು ನೇರಳೆ ಬಣ್ಣದ ಉಡುಪು ತೊಡುತ್ತಾರೆ. ವಾರಕ್ಕೊಂದರಂತೆ ನಾಲ್ಕು ಮೇಣದಬತ್ತಿ ಹಚ್ಚುತ್ತೇವೆ. ಹೊರಗೆ ನಕ್ಷತ್ರ ತೂಗುಹಾಕುವ ಗಡಿಬಿಡಿ ಇದ್ದರೂ ಒಳಗೆ ಇದು ಕಾಯುವ ಕಾಲ, ಪಾಪನಿವೇದನೆ ಮಾಡಿ ಮನಸ್ಸನ್ನು ಗುಡಿಸಿಕೊಳ್ಳುವ ಕಾಲ.

2021ರಲ್ಲಿ ಆ ಕಾಲ ಮುಗಿಯಲು ಎರಡು ದಿನ ಇರುವಾಗ ಬೆಳಗಾವಿಯ ಅಧಿವೇಶನದಲ್ಲಿ ವಿಧಾನಸಭೆ ಮತಾಂತರ ನಿಷೇಧ ಮಸೂದೆಯನ್ನು ಒಪ್ಪಿತು. 2022ರ ಮೇನಲ್ಲಿ ಅದು ಸುಗ್ರೀವಾಜ್ಞೆಯಾಯಿತು, ಸೆಪ್ಟೆಂಬರ್‌ನಲ್ಲಿ ವಿಧಾನಮಂಡಲದ ಪೂರ್ತಿ ಒಪ್ಪಿಗೆ ಸಿಕ್ಕಿತು. ಧರ್ಮ ಬದಲಿಸುವವರು 30 ದಿನ ಮೊದಲೇ ಜಿಲ್ಲಾಧಿಕಾರಿಗೆ ತಿಳಿಸಬೇಕು ಅನ್ನೋದು ಎಲ್ಲರಿಗೂ ಗೊತ್ತಿರುವ ವಿಷಯ. ನನ್ನನ್ನು ತಡೆದು ನಿಲ್ಲಿಸಿದ್ದು ಇನ್ನೊಂದು ಅಂಶ. ಯಾರು ದೂರು ಕೊಡಬಹುದು? ಅಪ್ಪ, ಅಮ್ಮ, ಅಣ್ಣ, ತಮ್ಮ, ಅಕ್ಕ, ತಂಗಿ, ರಕ್ತಸಂಬಂಧಿ, ಮದುವೆಯಿಂದ ನೆಂಟರಾದವರು, ಕೊನೆಗೆ ಸಹೋದ್ಯೋಗಿಯೂ. ಅಂದರೆ ಊಟದ ಮನೆಯಲ್ಲಿ ಪಕ್ಕ ಕೂತವನು, ಆಫೀಸಿನಲ್ಲಿ ಎದುರು ಡೆಸ್ಕಿನವಳು, ಎಲ್ಲರೂ ದೂರುದಾರರಾಗಬಹುದು.

ನಮ್ಮ ಮನೆ ಶಿಕಾರಿಪುರದಲ್ಲಿ. ಯಡಿಯೂರಪ್ಪನವರು 1983ರಲ್ಲಿ ಮೊದಲ ಸಲ ಗೆದ್ದ ಊರು, 2023ರಲ್ಲಿ ಅವರ ಮಗ ವಿಜಯೇಂದ್ರ ಗೆದ್ದ ಊರು. ಮಸೂದೆ ಬಂದಾಗ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರಾದರೂ ಪಕ್ಷ ಅದೇ. 2022ರ ಕ್ರಿಸ್‌ಮಸ್ ರಜೆಗೆ ಬೆಂಗಳೂರಿನಿಂದ ಬಂದ ನನ್ನ ತಮ್ಮ ಅಪ್ಪನಿಗೆ ನೇರವಾಗಿ ಕೇಳಿದ: "ಅಪ್ಪಾ, ಇಷ್ಟಾದ ಮೇಲೂ ಅವರಿಗೇ ಹಾಕ್ತೀಯಾ?" ಅಪ್ಪ ಹೇಳಿದ್ದು ಇಷ್ಟೇ: "ಊರಿಗೆ ಕೆಲಸ ಮಾಡಿದವರ ಋಣ ಇರುತ್ತೆ ಕಣೋ. ಚರ್ಚಿಗೆ ಹೋಗೋದು ಬೇರೆ, ಬೂತಿಗೆ ಹೋಗೋದು ಬೇರೆ." ತಮ್ಮ ಎದ್ದು ಹೊರಗೆ ಹೋದ. ಅಮ್ಮ ನೆವ್ರಿ ಕರಿಯುವುದನ್ನು ನಿಲ್ಲಿಸಲಿಲ್ಲ.

ತಮ್ಮನ ಸಿಟ್ಟು ನ್ಯಾಯವಾದದ್ದೇ. ಬಲಿಪೂಜೆಗೆ ಹೋಗುವ ನಮ್ಮನ್ನೆಲ್ಲ ಅನುಮಾನದಿಂದ ನೋಡುವ ಕಾನೂನು ಅದು. ಆದರೆ ಅಪ್ಪನ ಮಾತಿನಲ್ಲೂ ಒಂದು ವಿವೇಕ ಇದೆ. ಋಣ ಬೇರೆ, ನಿರೀಕ್ಷೆ ಬೇರೆ. ನೀರು, ರಸ್ತೆ ಕೊಟ್ಟವರಿಗೆ ಋಣ ತೀರಿಸಬಹುದು. ಆಗಮನ ಕಾಲದಲ್ಲಿ ನಾವು ಕಾಯುವುದು ಅವರಿಗಾಗಿ ಅಲ್ಲ, ಯಾವ ಪಕ್ಷದವರಿಗಾಗಿಯೂ ಅಲ್ಲ. ಅಪ್ಪನಿಗೆ ಈ ವ್ಯತ್ಯಾಸ ಸ್ಪಷ್ಟವಾಗಿ ಗೊತ್ತು. ಅವರ ಲೆಕ್ಕವನ್ನು ನಾನು ಒಪ್ಪದಿರಬಹುದು, ಅವರ ನಂಬಿಕೆಯನ್ನು ಅನುಮಾನಿಸಲಾರೆ.

ಆ ವರ್ಷ ಡಿಸೆಂಬರ್ 18, ಆಗಮನ ಕಾಲದ ನಾಲ್ಕನೇ ಭಾನುವಾರ. ಪೂಜೆಯ ಪಾಠಗಳು ಮೂರು ವರ್ಷಕ್ಕೊಮ್ಮೆ ಸುತ್ತಿ ಬರುತ್ತವೆ. ಅಂದು ಓದಿದ್ದು ಮತ್ತಾಯನ ಶುಭಸಂದೇಶದ ಜೋಸೆಫನ ಕಥೆ. ನಿಶ್ಚಿತಾರ್ಥವಾದ ಹುಡುಗಿ ಮರಿಯ ಗರ್ಭಿಣಿ ಅಂತ ಅವನಿಗೆ ತಿಳಿಯುತ್ತದೆ. ದೂರು ಕೊಡುವ ಹಕ್ಕು ಅವನಿಗಿತ್ತು. ಅಂದಿನ ಕಟ್ಟಳೆಯ ಪ್ರಕಾರ ಎಲ್ಲರೆದುರು ಆರೋಪ ಮಾಡಿದ್ದರೆ ಅವಳಿಗೆ ಅವಮಾನ ಖಂಡಿತ, ಶಿಕ್ಷೆಯೂ ಆಗಬಹುದಿತ್ತು. ಅವನು ಹಾಗೆ ಮಾಡುವುದಿಲ್ಲ, ಸದ್ದಿಲ್ಲದೆ ಬಿಟ್ಟುಬಿಡೋಣ ಅಂದುಕೊಳ್ಳುತ್ತಾನೆ. ಕನಸಿನಲ್ಲಿ ದೇವದೂತ ಬಂದು ನಿಜ ತಿಳಿಸುವುದು ಆಮೇಲೆ.

ನನಗೆ ಮುಖ್ಯ ಅನಿಸುವುದು ಈ 'ಆಮೇಲೆ'. ಕ್ರಿಸ್‌ಮಸ್ ಕಾರ್ಡುಗಳಲ್ಲಿ ಜೋಸೆಫ ಎಲ್ಲ ಅರ್ಥವಾದವನಂತೆ ಶಾಂತವಾಗಿ ನಿಂತಿರುತ್ತಾನೆ. ಆದರೆ ದೂರು ಕೊಡಬಾರದು ಅಂತ ತೀರ್ಮಾನಿಸಿದಾಗ ಅವನಿಗೆ ಏನೂ ಅರ್ಥವಾಗಿರಲಿಲ್ಲ. ಅವಳ ಆಯ್ಕೆಯನ್ನು ಒಪ್ಪಿರಲಿಲ್ಲ, ನೊಂದಿದ್ದ, ದೂರವಾಗುವ ಯೋಚನೆಯಲ್ಲೇ ಇದ್ದ. ಆದರೂ ಅವಳನ್ನು ಕಟ್ಟೆಯ ಮೇಲೆ ನಿಲ್ಲಿಸಲಿಲ್ಲ. ಪ್ರೀತಿ ಅಂದರೆ ಒಪ್ಪಿಗೆ ಅಲ್ಲ, ಒಪ್ಪದಿದ್ದಾಗಲೂ ಇನ್ನೊಬ್ಬರ ಒಳಮನೆಗೆ ಪೊಲೀಸರನ್ನು ಕರೆಯದಿರುವುದು ಅಂತ ಈ ಕಥೆ ನನಗೆ ಹೇಳುತ್ತದೆ.

ಇದನ್ನು ನಮ್ಮ ಸಭೆಯೇ ಕಲಿಯಲು ಬಹಳ ತಡಮಾಡಿತು. ಗೋವಾದಲ್ಲಿ 1560ರಲ್ಲಿ ಶುರುವಾದ ಇಂಕ್ವಿಸಿಷನ್ ಕೊನೆಗೊಂಡಿದ್ದು 1812ರಲ್ಲಿ. ಅಲ್ಲೂ ಜನರ ನಂಬಿಕೆಯ ಬಗ್ಗೆ ದೂರು ಸ್ವೀಕರಿಸುತ್ತಿದ್ದರು. ನಂಬಿಕೆಯ ವಿಷಯದಲ್ಲಿ ಯಾರನ್ನೂ ಬಲವಂತ ಮಾಡುವಂತಿಲ್ಲ ಎಂದು ಎರಡನೇ ವ್ಯಾಟಿಕನ್ ಮಹಾಸಭೆ ಘೋಷಿಸಿದ್ದು 1965ರ ಡಿಸೆಂಬರ್ 7ರಂದು. ಅದೂ ಆಗಮನ ಕಾಲವೇ. ಬಡವರನ್ನು, ಓದದವರನ್ನು ಅಡ್ಡದಾರಿಯಿಂದ ಒಲಿಸಿಕೊಳ್ಳಬಾರದು ಎಂದೂ ಅದೇ ಘೋಷಣೆ ನಮಗೇ ಎಚ್ಚರಿಸುತ್ತದೆ. ಆಮಿಷ, ಬೆದರಿಕೆ ತಪ್ಪು, ಅದರಲ್ಲಿ ತಕರಾರಿಲ್ಲ. ಆದರೆ ಮನಸ್ಸು ಬದಲಿಸುವುದೇ ಅನುಮಾನದ ಕೆಲಸ ಅಂದರೆ, ಅಕ್ಕಮಹಾದೇವಿ ಹುಟ್ಟಿದ ಉಡುತಡಿ ಇರುವ ತಾಲ್ಲೂಕಿನಲ್ಲಿ ಕೂತು ಅದನ್ನು ಒಪ್ಪುವುದು ಹೇಗೆ? ಕೌಶಿಕನ ಅರಮನೆ ಬಿಟ್ಟು ಕಲ್ಯಾಣಕ್ಕೆ ನಡೆದವಳ ಕಥೆ ಕೇಳಿ ಬೆಳೆದವರು ನಾವು. ಅವಳು ಯಾರಿಗೂ 30 ದಿನ ಮೊದಲು ಅರ್ಜಿ ಕೊಟ್ಟಿರಲಿಲ್ಲ.

ಹಾಗಂತ ಸರ್ಕಾರದ ಕಡೆ ಬೆರಳು ತೋರಿಸಿ ಸುಮ್ಮನಾಗುವಂತಿಲ್ಲ. ಕಾನೂನು ಬರುವ ಮುಂಚೆಯೇ ದೂರುದಾರ ನಮ್ಮ ಮನೆಗಳಲ್ಲಿ ಇದ್ದ. ಕಥೋಲಿಕ ಹುಡುಗಿಯೊಬ್ಬಳು ಹಿಂದೂ ಹುಡುಗನನ್ನು ಮೆಚ್ಚಿ ಚರ್ಚಿನಿಂದ ದೂರವಾದರೆ ಫ್ಯಾಮಿಲಿ ಗ್ರೂಪಿನಲ್ಲಿ ಏನೇನು ನಡೆಯುತ್ತೆ ಅಂತ ನಮಗೆ ಗೊತ್ತಿಲ್ಲವಾ? ವಾಯ್ಸ್ ನೋಟುಗಳು, ಕಣ್ಣೀರು, 'ಫಾದರ್ ಹತ್ತಿರ ಹೇಳಿಸೋಣ.' ನಮ್ಮೊಳಗೆ ಬರುವವರ ಆತ್ಮಸಾಕ್ಷಿಗೆ ಇರುವ ಬೆಲೆ ಹೊರಗೆ ಹೋಗುವವರದ್ದಕ್ಕೂ ಇರಬೇಕು. ಇಲ್ಲದಿದ್ದರೆ ನಾವು ಕೇಳುತ್ತಿರುವುದು ಸ್ವಾತಂತ್ರ್ಯವಲ್ಲ, ನಮ್ಮ ಕಡೆಯ ಲಾಭ.

ಅದೇ ಅಳತೆ ಅಪ್ಪನ ವೋಟಿಗೂ. ಒಬ್ಬರ ನಂಬಿಕೆಯನ್ನು ಸರ್ಕಾರವಾಗಲಿ ನೆಂಟರಾಗಲಿ ಕಾವಲು ಕಾಯಬಾರದು ಅನ್ನುವ ನಾವು ಅಪ್ಪನ ಮತಗಟ್ಟೆಗೆ ಕಾವಲು ನಿಲ್ಲಲು ಆಗುತ್ತಾ? ಪಕ್ಕದ ಸೊರಬದಲ್ಲಿ ಬಂಗಾರಪ್ಪನವರ ಇಬ್ಬರು ಮಕ್ಕಳು 2013, 2018, 2023ರಲ್ಲಿ ಎದುರುಬದುರು ನಿಂತರು. ಮಧು ಎರಡು ಸಲ, ಕುಮಾರ್ ಒಂದು ಸಲ ಗೆದ್ದರು. ಒಂದೇ ರಕ್ತ ಅಂದಮಾತ್ರಕ್ಕೆ ಒಂದೇ ಗುಂಡಿ ಒತ್ತಬೇಕು ಅಂತ ನಮ್ಮ ಸೀಮೆಯಲ್ಲಿ ಯಾರೂ ಭ್ರಮೆ ಇಟ್ಟುಕೊಂಡಿಲ್ಲ.

ಹಾಗಾದರೆ ಬಾಯಿ ಮುಚ್ಚಿಕೊಂಡು ಇರಬೇಕಾ? ಇಲ್ಲ. ಮಾತಾಡಿ ಒಪ್ಪಿಸುವುದಕ್ಕೂ ಒತ್ತಿ ಹಿಡಿಯುವುದಕ್ಕೂ ವ್ಯತ್ಯಾಸ ಇದೆ. ಆ ಕಾನೂನಿನಲ್ಲಿ ಮಸುಕಾಗಿದ್ದೇ ಈ ವ್ಯತ್ಯಾಸ. ಕಾಯುವುದು ಅಂದರೆ ಕೈಕಟ್ಟಿ ಕೂರುವುದಲ್ಲ. 'ಅಪ್ಪಾ, ಈ ಕಾನೂನು ನಮಗೆ ನೋವು ಮಾಡಿದೆ' ಅಂತ ಸ್ಪಷ್ಟವಾಗಿ, ಆದರೆ 'ನೀನು ನಿಜವಾದ ಕ್ರೈಸ್ತನಲ್ಲ' ಎಂಬ ಬಾಣ ಬಿಡದೆ ಹೇಳಬಹುದು. ಅವರು ಕೇಳಬಹುದು, ಕೇಳದಿರಬಹುದು.

2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ಆ ಕಾಯ್ದೆಯನ್ನು ರದ್ದು ಮಾಡಲು ತೀರ್ಮಾನಿಸಿತು. ನಮ್ಮ ಮನೆಯಲ್ಲಿ ಅದರ ಬಗ್ಗೆ ಜಾಸ್ತಿ ಮಾತಾಗಲಿಲ್ಲ. ಅಪ್ಪ ಮೇ ತಿಂಗಳಲ್ಲಿ ಯಾರಿಗೆ ಹಾಕಿದರು ಅಂತ ನಾನು ಕೇಳಿಲ್ಲ. ತಮ್ಮನೂ ಕೇಳುವುದನ್ನು ಬಿಟ್ಟಿದ್ದಾನೆ. ಕಾನೂನಿನ ಬಗ್ಗೆ ಮಾತ್ರ ಇಬ್ಬರೂ ಈಗಲೂ ಫೋನಿನಲ್ಲಿ ಜಗಳ ಆಡ್ತಾರೆ. ಅದು ಒಳ್ಳೆಯ ಜಗಳ.