ಪಿಟ್‌ಬುಲ್ ತರುವ ಮೊದಲು

ಊರಿನ ತೋಟದ ಮನೆಯಲ್ಲಿ ಅಪ್ಪ, ಅಮ್ಮ ಇಬ್ಬರೇ. ಮಗ ಬೆಂಗಳೂರಿನಲ್ಲಿ, ಇಲ್ಲವೇ ಗಲ್ಫಿನಲ್ಲಿ. ರಜೆಗೆ ಬಂದವನಿಗೆ ಒಂದು ಯೋಚನೆ ಹೊಳೆಯುತ್ತದೆ: ಇವರ ಕಾವಲಿಗೆ ಒಂದು ಪಿಟ್‌ಬುಲ್ ಮರಿ ತಂದುಬಿಟ್ಟರೆ ಹೇಗೆ? ಅವನ ಆತಂಕದಲ್ಲಿ ಸುಳ್ಳಿಲ್ಲ. ಬಂಟ್ವಾಳ, ಬೆಳ್ತಂಗಡಿಯ ಒಳಭಾಗಗಳಲ್ಲಿ ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಅಡಿಕೆ ತೋಟ, ಗುಡ್ಡೆ. ಕೂಗಿದರೆ ಓಗೊಡುವಷ್ಟು ಹತ್ತಿರ ಯಾರೂ ಇರುವುದಿಲ್ಲ. ರಾತ್ರಿಯಾದರೆ ಕಾಡುಹಂದಿ, ಘಟ್ಟದ ಬುಡದಲ್ಲಾದರೆ ಚಿರತೆ. ಆದರೂ ಆ ಮಗನಿಗೆ ನಾನು ಹೇಳುವ ಮಾತು ಒಂದೇ: ಕಾವಲಿಗೆಂದು ಪಿಟ್‌ಬುಲ್ ತರಬೇಡ.

ಕಾರಣ ಆ ತಳಿಯ ಹುಟ್ಟಿನಲ್ಲೇ ಇದೆ. ಹೋರಿಯನ್ನು ಕಟ್ಟಿಹಾಕಿ ನಾಯಿಗಳನ್ನು ಛೂ ಬಿಡುವ ಆಟ ಇಂಗ್ಲೆಂಡಿನಲ್ಲಿತ್ತು. 1835ರಲ್ಲಿ ಅದಕ್ಕೆ ನಿಷೇಧ ಬಂತು. ಆಮೇಲೆ ಬುಲ್‌ಡಾಗ್ ಮತ್ತು ಟೆರಿಯರ್ ಬೆರಕೆಯ ನಾಯಿಗಳನ್ನು ಕಟ್ಟೆ ಕಟ್ಟಿದ ಕಣದೊಳಗೆ ಪರಸ್ಪರ ಕಾದಾಡಿಸುವುದು ಹೆಚ್ಚಿತು. ಆ ಬೆರಕೆಯಿಂದ ಬಂದ ಪಿಟ್‌ಬುಲ್‌ಗೆ ಅಮೆರಿಕದ ಯುನೈಟೆಡ್ ಕೆನಲ್ ಕ್ಲಬ್ 1898ರಲ್ಲಿ ತಳಿಯ ಮಾನ್ಯತೆ ಕೊಟ್ಟಿತು. ಕಾದಾಟದ ನಡುವೆ ಕೈಹಾಕಿ ಬಿಡಿಸುವ ಯಜಮಾನನನ್ನೇ ಕಚ್ಚುವ ನಾಯಿ ಕಾದಾಡಿಸುವವರಿಗೆ ಬೇಕಿರಲಿಲ್ಲ. ಹಾಗಾಗಿ ಚೆನ್ನಾಗಿ ಬೆಳೆದ ಪಿಟ್‌ಬುಲ್ ಮನುಷ್ಯರನ್ನು ಕಂಡರೆ ಹಿಗ್ಗುತ್ತದೆ, ಹೊಸಬರ ಮುಂದೆಯೂ ಬಾಲ ಆಡಿಸುತ್ತದೆ. ಅದರ ಹಟವೆಲ್ಲ ಇತರ ಪ್ರಾಣಿಗಳ ಮೇಲೆ. ಅಂದರೆ ಕಳ್ಳನ ಮುಂದೆ ಅದು ಹೇಗೆ ನಡೆದುಕೊಂಡೀತೆಂದು ಹೇಳಲಾಗದು, ನೆರೆಮನೆಯ ಕೋಳಿಗೆ, ಬೆಕ್ಕಿಗೆ, ಕೊಟ್ಟಿಗೆಯ ಕರುವಿಗೆ ಮಾತ್ರ ಅಪಾಯ ಖಂಡಿತ ಇದೆ. ಚಿರತೆಯನ್ನು ಎದುರಿಸುತ್ತದೆ ಎಂಬ ನಂಬಿಕೆಯೂ ಬೇಡ. ಸರಪಳಿಯಲ್ಲಿ ಕಟ್ಟಿದ ನಾಯಿ ಯಾವ ತಳಿಯದ್ದಾದರೂ ಚಿರತೆಗೆ ಊಟವೇ. ಬೊಗಳಿ ಎಚ್ಚರಿಸುವ ಕೆಲಸಕ್ಕೆ ನಮ್ಮ ಊರ ನಾಯಿಗಿಂತ ಚುರುಕಾದದ್ದು ಇನ್ನೊಂದಿಲ್ಲ.

ಹಾಗೆಂದು ಈ ನಾಯಿ ರಾಕ್ಷಸ ಎನ್ನುವವರ ಜೊತೆಗೂ ನಾನಿಲ್ಲ. ಕೇಂದ್ರ ಪಶುಸಂಗೋಪನಾ ಇಲಾಖೆ 2024ರ ಮಾರ್ಚ್ 12ರಂದು ಪಿಟ್‌ಬುಲ್, ರಾಟ್‌ವೀಲರ್ ಸೇರಿ 23 ತಳಿಗಳನ್ನು ನಿಷೇಧಿಸಲು ರಾಜ್ಯಗಳಿಗೆ ಸುತ್ತೋಲೆ ಕಳಿಸಿತ್ತು. ಸಂಬಂಧಪಟ್ಟವರ ಮಾತು ಕೇಳದೆ ಹೊರಡಿಸಿದ್ದೆಂಬ ಕಾರಣಕ್ಕೆ ಕರ್ನಾಟಕ ಹೈಕೋರ್ಟ್ ಏಪ್ರಿಲ್ 10ರಂದು ಅದನ್ನು ರದ್ದುಪಡಿಸಿತು. ಆ ಸುತ್ತೋಲೆಯ ಸುದ್ದಿ ಬಂದಾಗ ಹೆದರಿ ನಾಯಿಯನ್ನು ಕೈಬಿಡಲು ಹೊರಟವರೂ ಇದ್ದರು. ಆದರೆ ನ್ಯಾಯಾಲಯ ಸುತ್ತೋಲೆಯನ್ನು ರದ್ದು ಮಾಡಿತೇ ಹೊರತು ಸಾಕುವವರ ಹೊಣೆಯನ್ನಲ್ಲ. 2022ರ ಜುಲೈಯಲ್ಲಿ ಲಖನೌದಲ್ಲಿ 82 ವರ್ಷದ ತಾಯಿಯೊಬ್ಬರು ಸತ್ತದ್ದು ಮಗ ಸಾಕಿದ ಪಿಟ್‌ಬುಲ್ ಕಚ್ಚಿ. ಆ ಹೊತ್ತಿನಲ್ಲಿ ಮನೆಯಲ್ಲಿ ಮಗನಿರಲಿಲ್ಲ. ವಯಸ್ಸಾದವರ ಕೈಗೆ ಇಪ್ಪತ್ತೈದು ಕಿಲೋ ತೂಗುವ, ಮೈಯೆಲ್ಲ ಕಸುವೇ ಆದ ಪ್ರಾಣಿಯನ್ನು ಒಪ್ಪಿಸಿ ಹೋಗುವ ಮುನ್ನ ಇದನ್ನು ನೆನೆಯಬೇಕು.

ನಮ್ಮಲ್ಲಿ ನಾಯಿ ಸಾಕುವ ರೀತಿಯೂ ಈ ತಳಿಗೆ ಒಗ್ಗುವುದಿಲ್ಲ. ಹಗಲಿಡೀ ಗೂಡಿನಲ್ಲಿ ಇಲ್ಲವೇ ಸರಪಳಿಯಲ್ಲಿ, ರಾತ್ರಿ ಬಿಡುವುದು, ಬೆಳಗ್ಗೆ ಮತ್ತೆ ಕಟ್ಟುವುದು. ಅಂಗಳಕ್ಕೆ ಪಾಗಾರ ಇರುವುದಿಲ್ಲ. ಇದ್ದರೂ ಗೇಟು ತೆರೆದೇ ಇರುತ್ತದೆ. ಬೀಡಿ ಬುಟ್ಟಿ ಹಿಡಿದು ಬ್ರಾಂಚಿಗೆ ಹೊರಟ ಹೆಂಗಸು ಅಂಗಳದ ಬದಿಯಲ್ಲೇ ಹಾದುಹೋಗಬೇಕು. ಆಕೆ ಹೆದರಿ ನಿಂತು, "ಅಕ್ಕಾ, ನಾಯಿ ಕಟ್ಟಿದ್ದೀರಾ?" ಎಂದು ಕೂಗುತ್ತಾಳೆ. ಜಗಲಿಯಿಂದ ಉತ್ತರ: "ಏನೂ ಮಾಡುವುದಿಲ್ಲ, ಬನ್ನಿ." ಈ ಉತ್ತರ ನಿಲ್ಲಬೇಕು. ನಾಯಿ ಏನೂ ಮಾಡದಂತೆ ನೋಡಿಕೊಳ್ಳುವುದು ಸಾಕಿದವರ ಕೆಲಸ, ದಾರಿಹೋಕರ ಧೈರ್ಯದ ಪರೀಕ್ಷೆಯಲ್ಲ. ಸದಾ ಕಟ್ಟಿಹಾಕಿದ ನಾಯಿಗೆ ಓಡಾಟ ಕೊಡದಿರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧವೆಂಬುದು ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿಲ್ಲ.

ಇಷ್ಟೆಲ್ಲ ತಿಳಿದೂ ಪ್ರೀತಿಯಿಂದಲೇ ಸಾಕಬೇಕೆಂಬವರಿಗೆ ದಾರಿ ಇದೆ. ಮರಿ ಕೊಳ್ಳಬೇಡಿ. ಮರಿ ಮಾರಿ ದುಡ್ಡು ಮಾಡುವವರ ಗೂಡು ಹೇಗಿರುತ್ತದೆಂದು '777 ಚಾರ್ಲಿ' ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಯಾರೋ ಸಾಕಿ ಬಿಟ್ಟ, ಬೆಳೆದ ನಾಯಿಗಳು ಆಶ್ರಯತಾಣಗಳಲ್ಲಿ ಇರುತ್ತವೆ. ಮಂಗಳೂರಿನ ಶಕ್ತಿನಗರದ ಅನಿಮಲ್ ಕೇರ್ ಟ್ರಸ್ಟ್‌ನಂಥ ಕಡೆ ವಿಚಾರಿಸಿ. ಬೆಳೆದ ನಾಯಿಯ ಸ್ವಭಾವ ಕಣ್ಣಿಗೆ ಕಾಣುತ್ತದೆ, ಮರಿಯದ್ದು ಕಾಣುವುದಿಲ್ಲ. ಕೂಡಲೇ ದತ್ತು ಬೇಡ. ಕೆಲವು ವಾರ ತಾತ್ಕಾಲಿಕವಾಗಿ ಮನೆಯಲ್ಲಿಟ್ಟುಕೊಳ್ಳಲು ಒಪ್ಪಿಗೆ ಕೇಳಿ. ನಿಮಗೆ ಆಗದಿದ್ದರೂ, ಮನೆಯ ವಾತಾವರಣ ಕಂಡ ನಾಯಿಗೆ ಮುಂದಿನ ಮನೆ ಸಿಗುವುದು ಸುಲಭವಾಗುತ್ತದೆ. ಅಮೆರಿಕದ ವರ್ಜೀನಿಯಾದಲ್ಲಿ 2007ರಲ್ಲಿ ನಾಯಿಕಾಳಗದ ದಂಧೆಯಿಂದ ಬಿಡಿಸಿ ತಂದ ಸುಮಾರು ಐವತ್ತು ಪಿಟ್‌ಬುಲ್‌ಗಳಲ್ಲಿ ಹೆಚ್ಚಿನವು ಬದುಕಿಕೊಂಡದ್ದು, ಹಲವು ಮನೆಮಕ್ಕಳೊಂದಿಗೆ ಬೆಳೆದದ್ದು ಹೀಗೆ ಒಂದೊಂದನ್ನೂ ಪ್ರತ್ಯೇಕವಾಗಿ ಪರೀಕ್ಷಿಸಿ, ತಾಳ್ಮೆಯಿಂದ ಪಳಗಿಸಿದ್ದರಿಂದ.

ಮೊದಲ ದಿನಗಳಲ್ಲಿ ನೆಂಟರಿಷ್ಟರನ್ನು ಕರೆದು ನಾಯಿ ತೋರಿಸುವ ಸಡಗರ ಬೇಡ. ಒಂದು ಮೂಲೆ, ಒಂದು ಗೋಣಿ, ಹೊತ್ತಿಗೆ ಸರಿಯಾಗಿ ಊಟ, ಇಷ್ಟು ಸಾಕು. ಉಣ್ಣುವಾಗ ಗಮನಿಸಿ. ಯಾರಾದರೂ ಹತ್ತಿರ ಬಂದಾಗ ಬಾಯಾಡಿಸುವುದು ತಟಕ್ಕನೆ ನಿಂತು, ತಲೆ ತಟ್ಟೆಯ ಮೇಲೇ ಇದ್ದು, ಮೈ ಬಿಗಿದು, ಕಣ್ಣಿನ ಬಿಳಿ ಮಾತ್ರ ನಿಮ್ಮತ್ತ ಹೊರಳಿದರೆ ಅದು ಎಚ್ಚರಿಕೆ. ಗುರುಗುಟ್ಟುವವರೆಗೆ ಕಾಯದೆ ಹಿಂದೆ ಸರಿಯಿರಿ. ಗುರುಗುಟ್ಟಿದ್ದಕ್ಕೆ ಹೊಡೆಯುವುದಂತೂ ದೊಡ್ಡ ತಪ್ಪು. ಹೊಡೆತ ತಿಂದ ನಾಯಿ ಮುಂದಿನ ಸಲ ಸದ್ದು ಮಾಡದೆ ಕಚ್ಚುತ್ತದೆ. ಮಕ್ಕಳ ಜೊತೆ ಅದನ್ನು ಒಂಟಿಯಾಗಿ ಬಿಡಲೇಬಾರದು. ಮನೆಯ ಹಳೆ ನಾಯಿಯೊಂದಿಗೆ ಮೊದಲ ಭೇಟಿ ಬಯಲಿನಲ್ಲಿ, ದೂರದಿಂದ, ಎರಡೂ ಹಗ್ಗದಲ್ಲಿರುವಾಗ. ಬಾಯಿಕುಕ್ಕೆಯನ್ನು ತಿಂಡಿ ಕೊಡುತ್ತ ನಿಧಾನವಾಗಿ ರೂಢಿ ಮಾಡಿಸಿದರೆ ಪಶುವೈದ್ಯರ ಬಳಿ ಒಯ್ಯುವುದು ಸಲೀಸು. ಸಂತಾನಹರಣ ಮಾಡಿಸಿ. ರೇಬಿಸ್ ಲಸಿಕೆ ವರ್ಷವರ್ಷವೂ ಹಾಕಿಸಿ.

ನಮ್ಮ ಮಳೆಗಾಲವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನುಷ್ಯರಿಗೇ ಹೊರಬರಲು ಬೇಸರ, ಈ ನಾಯಿಗೆ ಆಗಲೂ ಎರಡು ಹೊತ್ತಿನ ನಡಿಗೆ ಬೇಕು. ಗಿಡ್ಡ ಕೂದಲಿನ ಚರ್ಮ ಒದ್ದೆಯಲ್ಲಿ ಬೇಗ ಕಜ್ಜಿಯಾಗುತ್ತದೆ, ಮಳೆ ಬಿಟ್ಟ ಮೇಲೆ ತೋಟದ ಹುಲ್ಲಿನಿಂದ ಉಣುಗು ಹತ್ತುತ್ತದೆ, ಇಲಿಜ್ವರ ನಾಯಿಗೂ ಬರುತ್ತದೆ. ಮೂಡುಬಿದಿರೆ, ಬಿ.ಸಿ. ರೋಡ್‌ನಂಥ ಪೇಟೆಯ ಬಾಡಿಗೆ ಮನೆಯಲ್ಲಿರುವವರು ಮನೆ ಮಾಲೀಕರ, ಅಕ್ಕಪಕ್ಕದವರ ಮಾತನ್ನು ಮೊದಲೇ ಕೇಳಿಕೊಳ್ಳಲಿ. ಇದು ಹತ್ತು ಹನ್ನೆರಡು ವರ್ಷಗಳ ಒಪ್ಪಂದ.

ಕೊನೆಗೂ ಆಗಲಿಲ್ಲವೆಂದಾದರೆ ರಾತ್ರಿ ಕಾರಿನಲ್ಲಿ ಒಯ್ದು ಮೀನು ಮಾರ್ಕೆಟ್ಟಿನ ಬಳಿ, ಘಾಟಿಯ ತಿರುವಿನಲ್ಲಿ ಇಳಿಸಿ ಬರಬೇಡಿ. ಸಾಕಿದ ಪ್ರಾಣಿಯನ್ನು ಹಾಗೆ ತೊರೆಯುವುದೂ ಅಪರಾಧವೇ. ಹಸಿದ, ದಿಕ್ಕೆಟ್ಟ ನಾಯಿಯ ಎದುರು ಮರುದಿನ ಬೆಳಗ್ಗೆ ಸಿಗುವುದು ಶಾಲೆಗೆ ಹೊರಟ ಮಗು. ತಂದ ಕಡೆಗೇ ಫೋನ್ ಮಾಡಿ, ಬೇರೆ ಮನೆ ಸಿಗುವವರೆಗೆ ನೀವೇ ಊಟ ಹಾಕಿ.