ವಾಸನೆಯೂ ಪ್ರತಿಭೆಯೂ

‘ವಾಸನೆ’ ಎಂಬ ಪದಕ್ಕೆ ಕನ್ನಡದಲ್ಲಿ ಎರಡು ಅರ್ಥಗಳಿವೆ. ಮೂಗಿಗೆ ತಿಳಿಯುವ ಗಂಧ ಒಂದು. ಕಳೆದ ಅನುಭವ ಮನಸ್ಸಿನಲ್ಲಿ ಉಳಿಸಿಹೋದ ಸಂಸ್ಕಾರ ಇನ್ನೊಂದು. ಒಂದೇ ಪದದಲ್ಲಿ ಇವೆರಡೂ ಕೂಡಿರುವುದರಲ್ಲಿ ತತ್ತ್ವಶಾಸ್ತ್ರದ ಒಂದು ದೊಡ್ಡ ಪ್ರಶ್ನೆ ಅಡಗಿದೆ: ಗಂಧವು ಮನಸ್ಸಿನಲ್ಲಿ ಹೊಸ ಆಲೋಚನೆಯನ್ನು ಹುಟ್ಟಿಸುತ್ತದೆಯೇ, ಇಲ್ಲವೇ ಒಳಗೆ ಮಲಗಿರುವುದನ್ನು ಎಬ್ಬಿಸುತ್ತದೆಯೇ?

ನ್ಯಾಯ-ವೈಶೇಷಿಕರ ಪ್ರಕಾರ ಗಂಧವು ಪೃಥ್ವಿಯ ವಿಶೇಷ ಗುಣ. ಅದು ಸುರಭಿ, ಅಸುರಭಿ ಎಂದು ಎರಡು ಬಗೆ. ಗಂಧವನ್ನು ಹಿಡಿಯುವ ಘ್ರಾಣೇಂದ್ರಿಯವೂ ಪಾರ್ಥಿವವೇ. ಗಾಳಿಗೆ ತನ್ನದೇ ಗಂಧವಿಲ್ಲ. ಹೂವಿನ ಸೂಕ್ಷ್ಮ ಕಣಗಳನ್ನು ಅದು ಹೊತ್ತು ತಂದಾಗ ಮಾತ್ರ ಮೂಗಿಗೆ ಗಂಧ ತಿಳಿಯುತ್ತದೆ. ಅಂದರೆ ಮೂಸುವವನಿಗೂ ವಸ್ತುವಿಗೂ ನೇರ ಸಂಪರ್ಕ ಆಗಲೇಬೇಕು.

ಇಂದಿನ ವಿಜ್ಞಾನವೂ ಗಂಧಜ್ಞಾನಕ್ಕೆ ಇಂಥ ಸಂಪರ್ಕ ಬೇಕೆನ್ನುತ್ತದೆ. ವಸ್ತುವಿನಿಂದ ಆವಿಯಾದ ಅಣುಗಳು ಮೂಗಿನ ಮೇಲ್ಭಾಗದ ಗ್ರಾಹಕಗಳಿಗೆ ಅಂಟಿಕೊಳ್ಳುತ್ತವೆ. ಈ ಗ್ರಾಹಕಗಳ ಜೀನ್ ಕುಟುಂಬವನ್ನು ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ 1991ರಲ್ಲಿ ಗುರುತಿಸಿದರು; 2004ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಮನುಷ್ಯನಲ್ಲಿ ಸುಮಾರು 400 ಬಗೆಯ ಗ್ರಾಹಕಗಳು ಕೆಲಸ ಮಾಡುತ್ತವೆ. ನೋಟ, ಶಬ್ದ, ಸ್ಪರ್ಶಗಳ ಸಂಕೇತಗಳು ಮೆದುಳಿನ ಥಲಾಮಸ್ ಎಂಬ ಭಾಗವನ್ನು ಹಾದು ತೊಗಟೆಯನ್ನು ತಲುಪಿದರೆ, ಗಂಧದ ಸಂಕೇತಗಳಿಗೆ ಮೊದಲಿಗೆ ಆ ದಾರಿ ಬೇಕಿಲ್ಲ. ಅವು ಭಾವನೆಯ ನೆಲೆಯಾದ ಅಮಿಗ್ಡಲಾ ಮತ್ತು ನೆನಪಿನ ನೆಲೆಯಾದ ಹಿಪ್ಪೊಕ್ಯಾಂಪಸ್‌ಗಳಿಗೆ ತೀರ ಹತ್ತಿರದ ಹಾದಿಯಲ್ಲಿ ಸಾಗುತ್ತವೆ. ಮೊದಲ ಮಳೆಗೆ ನೆಲದಿಂದ ಏಳುವ ಮಣ್ಣಿನ ವಾಸನೆ ಅದರ ಹೆಸರು ಹೊಳೆಯುವ ಮೊದಲೇ ಬಾಲ್ಯದ ಅಂಗಳವನ್ನು ಕಣ್ಮುಂದೆ ತರುವುದು ಇದರಿಂದಲೇ.

ಸಂಸ್ಕಾರವೊಂದು ಇದ್ದಮಾತ್ರಕ್ಕೆ ನೆನಪು ಬರುವುದಿಲ್ಲ, ಅದನ್ನು ಎಚ್ಚರಿಸುವ ಉದ್ಬೋಧಕವೂ ಬೇಕು ಎಂದು ನೈಯಾಯಿಕರು ಹೇಳಿದರು. ನ್ಯಾಯಸೂತ್ರದ ಮೂರನೆಯ ಅಧ್ಯಾಯದಲ್ಲಿ ಸ್ಮೃತಿಯ ಕಾರಣಗಳ ದೀರ್ಘ ಪಟ್ಟಿಯೇ ಇದೆ: ಏಕಾಗ್ರತೆ, ಅಭ್ಯಾಸ, ಸಾದೃಶ್ಯ, ಸಂಬಂಧ, ಸುಖ, ದುಃಖ, ಭಯ ಮುಂತಾದವು. ಒಮ್ಮೆ ಜೊತೆಯಾಗಿ ಅನುಭವಿಸಿದ ಗಂಧವು ಸಂಬಂಧದ ಬಲದಿಂದ ಉದ್ಬೋಧಕವಾಗುತ್ತದೆ.

ಈ ವಿಚಾರವನ್ನು ಇನ್ನೂ ಆಳಕ್ಕೆ ಒಯ್ಯುವ ಉದಾಹರಣೆ ‘ಸುರಭಿ ಚಂದನ’. ದೂರದಲ್ಲಿ ಶ್ರೀಗಂಧದ ಕೊರಡನ್ನು ಕಂಡವನಿಗೆ ‘ಇದು ಪರಿಮಳದ ಶ್ರೀಗಂಧ’ ಎಂಬ ಜ್ಞಾನವಾಗುತ್ತದೆ. ಪರಿಮಳ ಅವನ ಮೂಗನ್ನು ಮುಟ್ಟಿಲ್ಲ. ನೋಡಿದ್ದು ಕಣ್ಣು ಮಾತ್ರ. ಹಿಂದಿನ ಜ್ಞಾನವೇ ಇಲ್ಲಿ ಸನ್ನಿಕರ್ಷ, ಅಂದರೆ ಇಂದ್ರಿಯಕ್ಕೂ ವಸ್ತುವಿಗೂ ಆಗುವ ಸಂಪರ್ಕ, ಆಗುವುದರಿಂದ ಇದೂ ಪ್ರತ್ಯಕ್ಷವೇ ಎಂದು ನವ್ಯನೈಯಾಯಿಕರು ವಾದಿಸಿ, ಇದನ್ನು ‘ಜ್ಞಾನಲಕ್ಷಣ’ ಎಂದು ಕರೆದರು. ಅದ್ವೈತದ ‘ವೇದಾಂತ ಪರಿಭಾಷೆ’ ಇದನ್ನು ಒಪ್ಪಲಿಲ್ಲ: ಕೊರಡಿನ ಮಟ್ಟಿಗೆ ಜ್ಞಾನ ಪ್ರತ್ಯಕ್ಷ, ಪರಿಮಳದ ಮಟ್ಟಿಗೆ ಪರೋಕ್ಷ ಎಂದಿತು. ವಾದ ಏನೇ ಇರಲಿ, ಇಲ್ಲದ ಗಂಧವನ್ನು ಮನಸ್ಸು ತಾನೇ ತಂದುಕೊಳ್ಳುತ್ತದೆ ಎಂಬುದನ್ನು ಇಬ್ಬರೂ ಕಂಡಿದ್ದರು. 2006ರಲ್ಲಿ ಸ್ಪೇನಿನ ಸಂಶೋಧಕರು ನಡೆಸಿದ ಮೆದುಳಿನ ಸ್ಕ್ಯಾನ್ ಅಧ್ಯಯನದಲ್ಲಿ, ಗಾಢ ವಾಸನೆಯ ವಸ್ತುಗಳ ಹೆಸರನ್ನು ಓದಿದಾಗಲೇ ಓದುಗರ ಮೆದುಳಿನ ಘ್ರಾಣಭಾಗಗಳು ಚುರುಕಾದದ್ದು ಕಂಡುಬಂತು.

ಬೌದ್ಧರ ಯೋಗಾಚಾರ ಪಂಥ ಸಂಸ್ಕಾರವನ್ನು ವಿವರಿಸಲು ಗಂಧವನ್ನೇ ದೃಷ್ಟಾಂತವಾಗಿ ತೆಗೆದುಕೊಂಡಿತು. ಎಳ್ಳನ್ನು ಹೂವಿನ ಜೊತೆ ಇಟ್ಟರೆ ಹೂವು ಬಾಡಿಹೋದ ಮೇಲೂ ಎಳ್ಳಿನಲ್ಲಿ ಅದರ ಪರಿಮಳ ಉಳಿಯುತ್ತದೆ. ಕರ್ಮವೂ ಹೀಗೆಯೇ ಮುಗಿದುಹೋದರೂ ಸಂಸ್ಕಾರಗಳ ಕಣಜವಾದ ಆಲಯವಿಜ್ಞಾನದಲ್ಲಿ ತನ್ನ ವಾಸನೆಯನ್ನು ಬಿಟ್ಟಿರುತ್ತದೆ ಎಂಬುದು ಅವರ ಮತ. ಕಾವ್ಯಮೀಮಾಂಸೆಯಲ್ಲಿ ಅಭಿನವಗುಪ್ತ ಇದೇ ಪದವನ್ನು ಬಳಸಿದ. ಸಹೃದಯನಲ್ಲಿ ಮೊದಲೇ ವಾಸನೆಯಾಗಿ ನೆಲೆಸಿರುವ ಭಾವವೇ ಕಾವ್ಯದಿಂದ ಎಚ್ಚೆತ್ತು ರಸವಾಗುತ್ತದೆ. ವಾಸನೆ ಇಲ್ಲದವನಿಗೆ ರಸವೂ ಇಲ್ಲ.

ಸೃಷ್ಟಿಶೀಲತೆಯ ಪ್ರಶ್ನೆಗೂ ಇಲ್ಲಿಯೇ ಉತ್ತರವಿದೆ. ಜರ್ಮನ್ ಕವಿ ಶಿಲ್ಲರ್ ತನ್ನ ಮೇಜಿನ ಡ್ರಾಯರಿನಲ್ಲಿ ಕೊಳೆತ ಸೇಬುಗಳನ್ನು ಇಟ್ಟುಕೊಳ್ಳುತ್ತಿದ್ದ. ಆ ವಾಸನೆಯಿಲ್ಲದೆ ಬರೆಯುವುದು ಅವನಿಗೆ ಕಷ್ಟವಾಗಿತ್ತು. ಅದೇ ಮೇಜಿನ ಬಳಿ ಕುಳಿತ ಗೆಳೆಯ ಗಯಟೆಗೆ ತಲೆಸುತ್ತು ಬಂದಿತಂತೆ. ಈ ಪ್ರಸಂಗವನ್ನು ಗಯಟೆಯೇ ಮುಂದೆ ತನ್ನ ಮಾತುಗಳನ್ನು ಬರೆದಿಡುತ್ತಿದ್ದ ಎಕರ್‌ಮನ್‌ಗೆ ತಿಳಿಸಿದ. ಪ್ರತಿಭೆ ಸೇಬಿನ ವಾಸನೆಯಲ್ಲೇ ಇದ್ದಿದ್ದರೆ ಇಬ್ಬರಿಗೂ ಒಂದೇ ಫಲ ಸಿಗಬೇಕಿತ್ತು. ಗಂಧ ಒಂದೇ, ಸಂಸ್ಕಾರ ಬೇರೆ. ಆದ್ದರಿಂದ ಫಲವೂ ಬೇರೆ. ಇಂಥ ಸುಗಂಧ ಇಂಥ ಆಲೋಚನೆಯನ್ನು ಕೊಡುತ್ತದೆ ಎಂಬ ಸಾರಾಸಗಟು ಮಾತು ಈ ಕಾರಣಕ್ಕೇ ನಿಲ್ಲುವುದಿಲ್ಲ.

ಪಾಶ್ಚಾತ್ಯ ಚಿಂತನೆ ಘ್ರಾಣವನ್ನು ಬಹುಕಾಲ ಕೆಳಗಿರಿಸಿತು. ಇಂದ್ರಿಯಗಳಲ್ಲಿ ಬಿಟ್ಟರೂ ನಷ್ಟವಿಲ್ಲದ್ದು ಇದೇ ಎಂದು ಜರ್ಮನ್ ತತ್ತ್ವಜ್ಞಾನಿ ಕಾಂಟ್ 1798ರಲ್ಲಿ ಬರೆದ. ಅದಕ್ಕೂ ಮೊದಲು, 1754ರಲ್ಲಿ, ಫ್ರಾನ್ಸಿನ ತತ್ತ್ವಜ್ಞಾನಿ ಕೊಂಡಿಯ್ಯಾಕ್ ಬೇರೆ ಹಾದಿ ಹಿಡಿದಿದ್ದ. ಕಲ್ಲಿನ ಪ್ರತಿಮೆಯೊಂದಕ್ಕೆ ಘ್ರಾಣವನ್ನಷ್ಟೇ ಕೊಟ್ಟು ಗುಲಾಬಿಯನ್ನು ಹಿಡಿದರೆ, ಅದೊಂದರಿಂದಲೇ ಗಮನ, ನೆನಪು, ಹೋಲಿಕೆ, ಬಯಕೆಗಳು ಕ್ರಮವಾಗಿ ಅರಳಬಲ್ಲವು ಎಂದು ಅವನು ತರ್ಕಿಸಿದ.

ಭಾರತೀಯ ಸಾಧನೆಯ ಹಾದಿಗಳು ಘ್ರಾಣವನ್ನು ಹೊರಗಿಡಲಿಲ್ಲ. ಪಂಚೋಪಚಾರ ಪೂಜೆ ಗಂಧದಿಂದಲೇ ಮೊದಲಾಗುತ್ತದೆ. ಪುಷ್ಪ, ಧೂಪಗಳು ಅದರ ಹಿಂದೆ ಬರುತ್ತವೆ. ವೀರಶೈವರ ಆರು ಹಂತಗಳ ಸಾಧನಾಮಾರ್ಗವಾದ ಷಟ್‌ಸ್ಥಲದಲ್ಲಿ ಭಕ್ತಸ್ಥಲಕ್ಕೆ ಆಚಾರಲಿಂಗ, ಆಚಾರಲಿಂಗಕ್ಕೆ ಘ್ರಾಣ, ಘ್ರಾಣಕ್ಕೆ ಗಂಧ. ಐಕ್ಯದವರೆಗಿನ ಏರುವಿಕೆ ಈ ಮೆಟ್ಟಿಲಿನಿಂದಲೇ ಶುರು. ಅಲ್ಲಿ ಗಂಧವು ಭೋಗದ ವಸ್ತುವಾಗಿ ಉಳಿಯುವುದಿಲ್ಲ. ಲಿಂಗಕ್ಕೆ ಅರ್ಪಿತವಾಗಿ ಪ್ರಸಾದವಾಗುತ್ತದೆ. ದಿನವೂ ಒಂದೇ ಹೊತ್ತಿಗೆ, ಒಂದೇ ಭಾವದಲ್ಲಿ ಸವಿದ ಪರಿಮಳ ಕ್ರಮೇಣ ಮನಸ್ಸನ್ನು ಆ ಭಾವದ ಕಡೆಗೆ ತಿರುಗಿಸುತ್ತದೆ. ಉದ್ಬೋಧಕವನ್ನು ಮನುಷ್ಯ ತಾನಾಗಿಯೇ ಕಟ್ಟಿಕೊಳ್ಳುವ ಬಗೆ ಇದು.

ಗಂಧವು ಆಲೋಚನೆಯನ್ನು ಕೊಡುವುದಿಲ್ಲ, ಎಬ್ಬಿಸುತ್ತದೆ. ಏಳುವುದು ಏನೆಂಬುದನ್ನು ನಿರ್ಧರಿಸುವುದು ಓದು, ಒಡನಾಟ, ಅಭ್ಯಾಸಗಳಿಂದ ಒಳಗೆ ಕೂಡಿಟ್ಟ ಸಂಸ್ಕಾರ. ಹೂವಿನ ಜೊತೆ ಇದ್ದ ಎಳ್ಳಿನಿಂದ ಮಾತ್ರ ಪರಿಮಳದ ಎಣ್ಣೆ ಬರುತ್ತದೆ.