ಅಶರ್ ಮನೆಯ ಬಾಡಿಗೆದಾರ

1908ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದ ಮುಖ್ಯಸ್ಥ ಗಾಟಿ-ಕಸಾಜ್ಜಾ, ಫ್ರೆಂಚ್ ಸಂಗೀತಕಾರ ಕ್ಲೋದ್ ಡೆಬ್ಯುಸಿಯೊಂದಿಗೆ ಎರಡು ಒಪೆರಾಗಳಿಗೆ ಒಪ್ಪಂದ ಮಾಡಿಕೊಂಡ. ಎರಡಕ್ಕೂ ಆಧಾರ ಎಡ್ಗರ್ ಅಲನ್ ಪೋ 1839ರಲ್ಲಿ ಪ್ರಕಟಿಸಿದ ಕತೆಗಳು: ಒಂದು ಅಶರ್ ಮನೆತನದ ಪತನ, ಇನ್ನೊಂದು ಗಂಟೆಗೋಪುರದೊಳಗಿನ ಪಿಶಾಚಿ. ಡೆಬ್ಯುಸಿ ಮೊದಲೇ ಎಚ್ಚರಿಸಿದ್ದನಂತೆ: ನಾನು ಸೋಮಾರಿ, ಒಂದು ಸ್ವರಮೇಳವನ್ನು ಬಿಟ್ಟು ಇನ್ನೊಂದನ್ನು ಆರಿಸಿಕೊಳ್ಳಲು ನನಗೆ ವಾರಗಳೇ ಹಿಡಿಯುತ್ತವೆ ಎಂದು. 1918ರ ಮಾರ್ಚ್ 25ರಂದು, ಪ್ಯಾರಿಸ್ ಮೇಲೆ ಜರ್ಮನ್ ಫಿರಂಗಿಗಳು ಗುಂಡು ಸುರಿಸುತ್ತಿದ್ದ ದಿನಗಳಲ್ಲಿ, ಅವನು ಕ್ಯಾನ್ಸರಿನಿಂದ ಸತ್ತ. ಎರಡರಲ್ಲಿ ಒಂದೂ ಮುಗಿದಿರಲಿಲ್ಲ.

ಸೋಮಾರಿತನದ ಮಾತನ್ನು ನಾನು ನಂಬುವುದಿಲ್ಲ. ಅದೇ ಹತ್ತು ವರ್ಷಗಳಲ್ಲಿ ಅವನು ಪಿಯಾನೊಗೆ ಎರಡು ಸಂಪುಟ ಪ್ರಿಲ್ಯೂಡ್‌ಗಳನ್ನು ಬರೆದ, 'ಜೂ' ಬ್ಯಾಲೆ ಮುಗಿಸಿದ, 1915ರಲ್ಲಿ ಎತ್ಯೂದ್‌ಗಳನ್ನು ಕೊಟ್ಟ. ಕಾಯಿಲೆಯ ನೆಪವೂ ಅರ್ಧ ದಾರಿಗೆ ಮಾತ್ರ ಬರುತ್ತದೆ: ಕೊನೆಯ ವರ್ಷಗಳನ್ನು ಕ್ಯಾನ್ಸರ್ ನುಂಗಿತು, ಸರಿ, ಮೊದಲ ವರ್ಷಗಳನ್ನು ನುಂಗಿದ್ದು ಯಾವುದು?

ಅವನು ಮುಗಿಸಿದ ಒಂದೇ ಒಪೆರಾ, 1902ರಲ್ಲಿ ರಂಗಕ್ಕೆ ಬಂದ 'ಪೆಲೆಯಾಸ್ ಎ ಮೆಲಿಸಾಂದ್', ಹಾದಿ ತೋರಿಸುತ್ತದೆ. ಅಲ್ಲಿ ಮೇಟರ್ಲಿಂಕನ ನಾಟಕ ಕೈಗೆ ಸಿದ್ಧವಾಗಿ ಸಿಕ್ಕಿತ್ತು. ಅಲ್ಲಲ್ಲಿ ಕತ್ತರಿಸಿ ಸ್ವರ ಹಾಕಿದರಾಯಿತು. ಪೋನ ಅಶರ್ ಕತೆಯಲ್ಲಿ ಸಂಭಾಷಣೆಯೇ ಕಡಿಮೆ. ಹಾಗಾಗಿ ಮಾತುಗಳನ್ನೂ ಡೆಬ್ಯುಸಿಯೇ ಬರೆಯಬೇಕಾಯಿತು. ಬರೆದ, ಹೊಡೆದುಹಾಕಿದ, ಮತ್ತೆ ಬರೆದ. ಸಾಹಿತ್ಯ ಒಂದು ಹದಕ್ಕೆ ಬರುವಾಗ 1916. ಮೂಲದಲ್ಲಿ ಮೆಟ್ಟಿಲ ಮೇಲೆ ಎದುರಾಗಿ ಮರೆಯಾಗುವ ವೈದ್ಯ ಇವನ ಕೈಯಲ್ಲಿ ದೊಡ್ಡ ಪಾತ್ರವಾದ. ದೂರದಲ್ಲಿ ಮೌನವಾಗಿ ಹಾದುಹೋಗುವ, ನಾಯಕನ ಅವಳಿ ಸೋದರಿ ಮ್ಯಾಡಲೀನಳಿಗೆ ಹಾಡು ಸಿಕ್ಕಿತು. ಒಬ್ಬ ಓದುಗ ಪುಸ್ತಕದ ಅಂಚಿನಲ್ಲಿ ಗೀಚುತ್ತಾ ಗೀಚುತ್ತಾ ಅಂಚನ್ನೇ ಪುಟವಾಗಿಸಿಕೊಂಡಂತೆ.

ಕತೆಯ ರಾಡರಿಕ್ ಅಶರ್‌ನ ಕಾಯಿಲೆ ಏನು? ಇಂದ್ರಿಯಗಳು ಅತಿ ಸೂಕ್ಷ್ಮವಾಗಿ, ಕೆಲವು ತಂತಿವಾದ್ಯಗಳ ನಾದ ಬಿಟ್ಟು ಉಳಿದೆಲ್ಲ ಸದ್ದಿಗೂ ಬೆಚ್ಚುವುದು. ಸ್ವರಮೇಳಕ್ಕಾಗಿ ವಾರಗಟ್ಟಲೆ ಕಾಯುವವನಿಗೆ ಇವನು ಪಾತ್ರವಲ್ಲ, ನೆಂಟ. ತಾನು ಹೆಚ್ಚುಕಡಿಮೆ ಅಶರ್ ಮನೆಯಲ್ಲೇ ವಾಸವಾಗಿದ್ದೇನೆ ಎಂಬರ್ಥದಲ್ಲಿ ಡೆಬ್ಯುಸಿ ತನ್ನ ಪ್ರಕಾಶಕ ದುರಾಂಗೆ ಬರೆದದ್ದುಂಟು. ಆದರೆ ಪೋನ ಕತೆ ಹೇಳುವವನು ಆ ಮನೆಯವನಲ್ಲ. ಮನೆ ಕುಸಿಯುವ ಮುನ್ನ ಹೊರಗೆ ಓಡಿಹೋದ ಗೆಳೆಯ. ಓಡಿದ್ದರಿಂದಲೇ ಅವನಿಗೆ ಕತೆ ಹೇಳಲಾಯಿತು. ಡೆಬ್ಯುಸಿ ಓಡಲಿಲ್ಲ. ಮುಗಿಸಬೇಕೆಂದರೆ ವಾಸದ ಮನೆಯನ್ನು ತಾನೇ ಕೆಡವಬೇಕಿತ್ತು. ಆ ಕರಡುಗಳನ್ನು ಸೋತ ಕೃತಿ ಎನ್ನುವುದಕ್ಕಿಂತ ಮುಗಿಯದ ಓದು ಎನ್ನುವುದು ನನಗೆ ಹೆಚ್ಚು ಸರಿ ಎನಿಸುತ್ತದೆ.

ಹಾಗಾದರೆ ಬೇರೆಯವರು ಅದನ್ನು ಪೂರೈಸಬಹುದೇ? 1970ರ ದಶಕದಲ್ಲಿ ಚಿಲಿಯ ಹುವಾನ್ ಅಯೆಂದೆ-ಬ್ಲಿನ್ ಉಳಿದ ಭಾಗಗಳನ್ನು ಜೋಡಿಸಿದರು. ಇಂಗ್ಲೆಂಡಿನ ವಿದ್ವಾಂಸ ರಾಬರ್ಟ್ ಆರ್ಲೆಜ್ ಇಡೀ ಒಪೆರಾವನ್ನೇ ಪೂರ್ಣಗೊಳಿಸಿದರು. ಅದು 2006ರಲ್ಲಿ ಆಸ್ಟ್ರಿಯಾದ ಬ್ರೆಗೆಂಜ್ ಉತ್ಸವದಲ್ಲಿ ರಂಗವೇರಿತು. ಪೂರೈಸುವುದೇ ಪಾಪ ಎನ್ನಲು ಕನ್ನಡದವನಾದ ನನಗೆ ಬಾಯಿಲ್ಲ. ಕುಮಾರವ್ಯಾಸ ಹತ್ತು ಪರ್ವಕ್ಕೆ ನಿಲ್ಲಿಸಿದ ಭಾರತವನ್ನು ಕೃಷ್ಣದೇವರಾಯನ ಕಾಲದ ತಿಮ್ಮಣ್ಣಕವಿ ಮುಂದುವರಿಸಿದ. ನಾವ್ಯಾರೂ ಅವನ ಮೇಲೆ ದೂರು ಹೇಳಲಿಲ್ಲ. ಆದರೆ ಯಾರ ಪರ್ವ ಎಲ್ಲಿಗೆ ಮುಗಿಯಿತೆಂದು ನಮಗೆ ಗೊತ್ತು. ಆರ್ಲೆಜ್ ಅವರದು ಡೆಬ್ಯುಸಿಯ ಶೈಲಿಯಲ್ಲೇ ನುರಿತ ಕೈ. ಅವರ ಹೆಸರೂ ಮುಚ್ಚುಮರೆಯಿಲ್ಲದೆ ಅಚ್ಚಾಗುತ್ತದೆ. ನನ್ನ ತಕರಾರು ಆ ನೈಪುಣ್ಯದ ಬಗ್ಗೆಯೇ. ಹೊಲಿಗೆ ಕಾಣದಷ್ಟು ಚೆನ್ನಾಗಿ ಹೊಲಿದಾಗ ಕಿವಿಗೆ ಮೋಸವಾಗುತ್ತದೆ, ಹೊಲಿದವರ ಮನಸ್ಸಿನಲ್ಲಿ ಮೋಸ ಇಲ್ಲದಿದ್ದರೂ.

(ಪಿಶಾಚಿಯ ಒಪೆರಾದ್ದು ಇನ್ನೂ ತುಂಟ ಕತೆ. ಪಿಶಾಚಿ ಹಾಡಬಾರದು, ಸಿಳ್ಳೆ ಮಾತ್ರ ಹಾಕಬೇಕು ಎಂದು ಡೆಬ್ಯುಸಿ ತೀರ್ಮಾನಿಸಿದ್ದ. ಕೈಗೆ ಸಿಗುವ ಸಂಗೀತ ಅಶರ್‌ಗಿಂತಲೂ ಕಡಿಮೆ.)

ಹೊಲಿಗೆಯನ್ನು ಮರೆಮಾಡದ ದಾರಿಯೂ ಒಂದಿದೆ. 1926ರ ಏಪ್ರಿಲ್ 25ರಂದು ಮಿಲಾನಿನ ಲಾ ಸ್ಕಾಲಾದಲ್ಲಿ ಪುಚೀನಿಯ ಮುಗಿಯದ ಒಪೆರಾ 'ತೂರಂದೋತ್' ಮೊದಲ ಬಾರಿ ನಡೆದಾಗ, ಸತ್ತ ಪುಚೀನಿ ಎಲ್ಲಿ ನಿಲ್ಲಿಸಿದ್ದನೋ ಅಲ್ಲಿಗೆ ವಾದ್ಯವೃಂದ ನಡೆಸುತ್ತಿದ್ದ ತೋಸ್ಕನೀನಿ ಕೈ ಇಳಿಸಿ ಪ್ರಯೋಗವನ್ನೇ ನಿಲ್ಲಿಸಿದ. ಫ್ರಾಂಕೊ ಆಲ್ಫಾನೊ ಬರೆದ ಕೊನೆ ಮುಂದಿನ ಪ್ರಯೋಗದಿಂದ ಸೇರಿತು. ಅಶರ್ ಆಡಿಸುವವರು ಒಂದು ರಾತ್ರಿಯ ಮಟ್ಟಿಗಾದರೂ ಹಾಗೆ ಮಾಡಲಿ.